ಆಟ ಮುಗಿದ ಮೇಲೆ ಮನೆಗೆ ಹೋಗಲು ಒಂದು ಬಸ್ ಕೊಡಿ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಉಡುಪಿ ನಗರಸಭೆಯವರಿಗೆ, ಸಿಟಿ ಬಸ್ ಮಾಲಕರಿಗೆ, ಹಾಗೆಯೇ ಆಟ (ಯಕ್ಷಗಾನ), ನಾಟಕ, ಸಂಗೀತ ಅಂತ ವರ್ಷವಿಡೀ ಓಡಾಡುವ ನಮ್ಮೂರಿನ ಎಲ್ಲ ಸಂಘಟಕರಿಗೆ,

ನಮಸ್ಕಾರ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ರಾತ್ರಿ ಹತ್ತೂಕಾಲಕ್ಕೆ ಉಡುಪಿ ಸಿಟಿ ಬಸ್ ನಿಲ್ದಾಣದಿಂದ ನಾಲ್ಕು ದಿಕ್ಕಿಗೆ ನಾಲ್ಕು ಬಸ್ ಬಿಡಿ. ಒಂದು ಮಲ್ಪೆಗೆ, ಒಂದು ಮಣಿಪಾಲ, ಪರ್ಕಳ ದಾಟಿ ಹಿರಿಯಡಕಕ್ಕೆ, ಒಂದು ಕಟಪಾಡಿ, ಕಾಪು ಕಡೆಗೆ, ಇನ್ನೊಂದು ಸಂತೆಕಟ್ಟೆ, ಬ್ರಹ್ಮಾವರ ಕಡೆಗೆ. ದಿನಾ ಬೇಡ. ಶನಿವಾರ, ಆದಿತ್ಯವಾರ, ಮತ್ತೆ ಊರಲ್ಲಿ ದೊಡ್ಡ ಕಾರ್ಯಕ್ರಮ ಇರುವ ದಿನ ಸಾಕು. ಮೊದಲಿಗೆ ನವೆಂಬರಿನಿಂದ ಫೆಬ್ರವರಿವರೆಗೆ ನಾಲ್ಕು ತಿಂಗಳು ಮಾಡಿ ನೋಡಿ. ಜನ ಹತ್ತದಿದ್ದರೆ ನಿಲ್ಲಿಸಿ, ನಾನು ಮತ್ತೆ ಕೇಳುವುದಿಲ್ಲ.

ನಾನು ಇಲ್ಲೇ ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವಳು. ಮನೆ ಹಿರಿಯಡಕ ರೂಟಿನಲ್ಲಿ, ಬಸ್ ಇಳಿದ ಮೇಲೆ ಸ್ವಲ್ಪ ಒಳಗೆ ನಡೆಯಬೇಕು. ಸಣ್ಣವಳಿರುವಾಗಿನಿಂದ ಆಟ ನೋಡಿದವಳು, ನಾಟಕದ ಹುಚ್ಚು ಆಮೇಲೆ ಹಿಡಿದದ್ದು. ಯಾವ ಸಂಘದ ಪದಾಧಿಕಾರಿಯೂ ಅಲ್ಲ. ಕುರ್ಚಿಯಲ್ಲಿ ಕೂತು ನೋಡುವವರ ಪರವಾಗಿ ಬರೆಯುತ್ತಿದ್ದೇನೆ. ವೇದಿಕೆಯ ಮೇಲಿನವರ ಪರವಾಗಿ ಮಾತಾಡಲು ಊರಲ್ಲಿ ತುಂಬಾ ಜನ ಇದ್ದಾರೆ. ಎದುರು ಕೂತವರ ಪರವಾಗಿ ಮಾತಾಡುವವರು ಕಡಿಮೆ.

ಉಡುಪಿಯಲ್ಲಿ ಒಂದು ವಾರಕ್ಕೆ ಎಷ್ಟು ಕಾರ್ಯಕ್ರಮ ಆಗುತ್ತದೆ ಅಂತ ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಕೃಷ್ಣ ಮಠದ ರಾಜಾಂಗಣದಲ್ಲಿ ಹೆಚ್ಚುಕಡಿಮೆ ದಿನಾ ಸಂಜೆ ಸಂಗೀತವೋ, ಭರತನಾಟ್ಯವೋ, ವೇಷ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆಯೋ ಏನಾದರೂ ಒಂದು ಇರುತ್ತದೆ. ಕುಂಜಿಬೆಟ್ಟಿನ ಎಂಜಿಎಂ ಕಾಲೇಜಿನ ರವೀಂದ್ರ ಮಂಟಪದಲ್ಲಿ ನಾಟಕ, ಅದೇ ಆವರಣದ ಮುದ್ದಣ ಮಂಟಪದಲ್ಲಿ ಬಯಲಿನ ಕಾರ್ಯಕ್ರಮ, ಅಜ್ಜರಕಾಡಿನ ಪುರಭವನದಲ್ಲಿ ಮತ್ತೊಂದು. ಇಂದ್ರಾಳಿಯಲ್ಲಿ ಯಕ್ಷಗಾನ ಕೇಂದ್ರ ಇದೆ. 1971ರಲ್ಲಿ ಕು.ಶಿ. ಹರಿದಾಸ ಭಟ್ಟರು ಮತ್ತು ಶಿವರಾಮ ಕಾರಂತರು ಸೇರಿ ಕಟ್ಟಿದ್ದು, ಮಕ್ಕಳು ಅಲ್ಲೇ ಉಳಿದುಕೊಂಡು ಹೆಜ್ಜೆ, ತಾಳ, ಬಣ್ಣ ಎಲ್ಲವನ್ನೂ ಕಲಿಯುತ್ತಾರೆ. ರಂಗಭೂಮಿ ಸಂಸ್ಥೆ 1965ರಿಂದ ಇದೆ. ಅವರ ರಾಜ್ಯ ಮಟ್ಟದ ಕನ್ನಡ ನಾಟಕ ಸ್ಪರ್ಧೆ ಸುರುವಾಯಿತು ಅಂದರೆ ಸಾಲಾಗಿ ಅಷ್ಟೂ ದಿನ ದಿನಕ್ಕೊಂದು ಹೊಸ ನಾಟಕ. ತುಳುಕೂಟದವರು ಕೆಮ್ತೂರು ದೊಡ್ಡಣ್ಣ ಶೆಟ್ಟರ ನೆನಪಿನಲ್ಲಿ ತುಳು ನಾಟಕ ಸ್ಪರ್ಧೆ ಮಾಡುತ್ತಾರೆ. ಯಕ್ಷಗಾನ ಕಲಾರಂಗ 1975ರಿಂದ ಕಲಾವಿದರ ಬೆನ್ನಿಗೆ ನಿಂತಿದೆ. ಶಾಲೆ ಮಕ್ಕಳು ಗೆಜ್ಜೆ ಕಟ್ಟಿ ಕುಣಿಯುವ ಕಿಶೋರ ಯಕ್ಷಗಾನ ಇದೆ. ಕಲ್ಯಾಣಪುರ ಕಡೆ ಹೋದರೆ ಕೊಂಕಣಿ ನಾಟಕ. ಬಹುತೇಕ ಎಲ್ಲದಕ್ಕೂ ಪ್ರವೇಶ ಉಚಿತ. ಅಂಗಡಿಯಲ್ಲಿ ದುಡಿಯುವವರು, ಬೀಡಿ ಕಟ್ಟುವವರು, ಮೀನು ಮಾರುವವರು, ಯಾರು ಬೇಕಾದರೂ ಹೋಗಿ ಕೂರಬಹುದು.

ಹೋಗಿ ಕೂರಬಹುದು, ಆದರೆ ಕೊನೆವರೆಗೆ ಕೂರಲು ಆಗುವುದಿಲ್ಲ.

ಎಂಟೂಕಾಲು, ಎಂಟೂವರೆ ಆಗುವಾಗ ಯಾವುದೇ ಸಭಾಂಗಣದ ಹಿಂದಿನ ಸಾಲಿನಲ್ಲಿ ಹೋಗಿ ನಿಲ್ಲಿ. ಮೊದಲು ಒಂದೆರಡು ಮೊಬೈಲಿನ ಬೆಳಕು ಕಾಣುತ್ತದೆ, ಗಂಟೆ ನೋಡಲಿಕ್ಕೆ. ಆಮೇಲೆ ಬ್ಯಾಗಿನ ಝಿಪ್ಪಿನ ಸದ್ದು. ಒಬ್ಬರು ಎದ್ದರೆ ಅವರ ಹಿಂದೆ ಇನ್ನೂ ನಾಲ್ಕೈದು ಜನ ಏಳುತ್ತಾರೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ತಲೆ ಬಗ್ಗಿಸಿ, ಪಕ್ಕದವರ ಕಾಲು ತುಳಿಯದ ಹಾಗೆ ಸಾಲಿನಿಂದ ಹೊರಗೆ ಬಂದು, ಬಾಗಿಲ ಹತ್ತಿರ ಒಮ್ಮೆ ನಿಂತು ಇನ್ನೊಂದು ನಿಮಿಷ ನೋಡಿ, ಮತ್ತೆ ಓಡುತ್ತಾರೆ. ವೇದಿಕೆಯ ಮೇಲೆ ನಾಟಕ ಆಗಷ್ಟೇ ಬಿಸಿ ಏರಿರುತ್ತದೆ. ಸ್ಪರ್ಧೆಗೆ ಅಂತ ದೂರದಿಂದ ಸೆಟ್ಟು, ಲೈಟು ಎಲ್ಲ ಹೊತ್ತುಕೊಂಡು ಬಂದ ತಂಡದವರಿಗೆ ಇದು ಕಾಣುವುದಿಲ್ಲವಾ? ಕಾಣುತ್ತದೆ. ನಾಟಕ ಇವರಿಗೆ ಹಿಡಿಸಲಿಲ್ಲ ಅಂತ ಅವರು ಅಂದುಕೊಂಡರೆ ನನಗೆ ಅದೇ ದೊಡ್ಡ ಬೇಸರ. ಹಿಡಿಸದೆ ಅಲ್ಲ, ಬಸ್ಸಿಗೆ ಹೆದರಿ ಎದ್ದದ್ದು.

ಒಂಬತ್ತು ದಾಟಿದ ಮೇಲೆ ಸಿಟಿ ಬಸ್ ಸಿಗುವುದು ಎಷ್ಟು ಕಷ್ಟ ಅಂತ ಇಲ್ಲಿ ಓಡಾಡುವವರಿಗೆಲ್ಲ ಗೊತ್ತು. ಕೊನೆಯ ಟ್ರಿಪ್ ಅಂತ ಬೋರ್ಡಿನಲ್ಲಿ ಇದ್ದರೂ ಜನ ಕಡಿಮೆ ಇದ್ದರೆ ಆ ದಿನ ಅದು ಬರುತ್ತದೆ ಅಂತ ಧೈರ್ಯ ಇಲ್ಲ. ಹಾಗೆ ನಂಬಿ ನಿಂತು, ಬಸ್ ಬಾರದೆ, ಕೊನೆಗೆ ರಿಕ್ಷಾ ಮಾಡಿಕೊಂಡು ಹೋದ ರಾತ್ರಿ ನಾನು ಕೊಟ್ಟ ಬಾಡಿಗೆ ನನ್ನ ಒಂದು ದಿನದ ಸಂಬಳದ ಹತ್ತಿರ ಹತ್ತಿರ ಆಯಿತು. ರಿಕ್ಷಾದವರ ತಪ್ಪು ಅಂತ ಹೇಳುವುದಿಲ್ಲ. ಅಷ್ಟು ದೂರ ಹೋಗಿ ಖಾಲಿ ವಾಪಸು ಬರಬೇಕು, ರಾತ್ರಿ ಅಂದರೆ ಒಂದೂವರೆ ಬಾಡಿಗೆ ಇದ್ದದ್ದೇ. ಆದರೆ ಉಚಿತ ನಾಟಕ ನೋಡಲು ಒಂದು ದಿನದ ಸಂಬಳ ಕೊಡುವುದು ನಮ್ಮಂಥವರಿಂದ ಆಗುವ ಕೆಲಸ ಅಲ್ಲ.

ಸ್ಕೂಟರು, ಕಾರು ಇರುವವರಿಗೆ ಈ ತೊಂದರೆ ಇಲ್ಲ. ಹಾಗಾಗಿ ಒಂಬತ್ತು ಗಂಟೆಯ ಮೇಲೆ ಸಭಾಂಗಣದಲ್ಲಿ ಉಳಿಯುವವರು ಯಾರು ಅಂದರೆ ಪೇಟೆ ಒಳಗೆ ಮನೆ ಇರುವವರು, ವಾಹನ ಇರುವವರು, ಮತ್ತೆ ಹೆಚ್ಚಾಗಿ ಗಂಡಸರು. ವಯಸ್ಸಾದವರು ಇಲ್ಲ, ಒಬ್ಬರೇ ಬರುವ ಹೆಂಗಸರು ಇಲ್ಲ, ಹಾಸ್ಟೆಲಿನ ಮಕ್ಕಳು ಇಲ್ಲ. ಕಾಲೇಜು ಮಕ್ಕಳು ಯಕ್ಷಗಾನಕ್ಕೆ ಬರುವುದಿಲ್ಲ, ಮೊಬೈಲು ನೋಡಿ ಹಾಳಾದರು ಅಂತ ಪ್ರತಿ ಸಭೆಯಲ್ಲೂ ಯಾರಾದರೊಬ್ಬರು ಭಾಷಣ ಮಾಡುತ್ತಾರೆ. ಮಣಿಪಾಲದಿಂದ ಪೇಟೆಗೆ ಐದಾರು ಕಿಲೋಮೀಟರು. ಬಂದ ಮಕ್ಕಳು ವಾಪಸು ಹೇಗೆ ಹೋಗಬೇಕು ಅಂತ ಯಾರೂ ಕೇಳುವುದಿಲ್ಲ.

ಮೊದಲು ಹೀಗಿರಲಿಲ್ಲ. ಆಗ ರಾತ್ರಿ ಬಸ್ ಜಾಸ್ತಿ ಇತ್ತು ಅಂತ ಅಲ್ಲ. ಆಗ ಆಟ ಬೆಳಗಿನವರೆಗೆ ಇತ್ತು.

ನನ್ನ ಅಮ್ಮನ ಕಾಲದವರು ಹೇಳುವುದನ್ನು ಕೇಳಿ. ಯಕ್ಷಗಾನ ಮೇಳ ಊರಿಗೆ ಬಂತು ಅಂದರೆ ಬೇಗ ಊಟ ಮುಗಿಸಿ, ಚಾಪೆ ಸುತ್ತಿಕೊಂಡು, ತೆಂಗಿನ ಮಡಲಿನ ತೂಟೆ ಹಚ್ಚಿಕೊಂಡು ಗದ್ದೆ ಬದುವಿನಲ್ಲಿ ಸಾಲಾಗಿ ನಡೆದು ಹೋಗುವುದು. ಚೌಕಿಯಲ್ಲಿ ಬಣ್ಣ ಹಚ್ಚುವುದನ್ನು ನೋಡುವುದು. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಎಲ್ಲ ಮುಗಿದು ಪ್ರಸಂಗ ಸುರುವಾಗುವಾಗ ಮಕ್ಕಳು ಚಾಪೆಯ ಮೇಲೆ ನಿದ್ದೆ. ದೇವಿ ಮಹಾತ್ಮೆ ಆಟವಾದರೆ ಮಹಿಷಾಸುರ ಬರುವಾಗ ಮಕ್ಕಳನ್ನು ಎಬ್ಬಿಸುತ್ತಿದ್ದರು, ಅವನು ರಂಗಸ್ಥಳದ ಹಿಂದಿನಿಂದ ಅಲ್ಲ, ಜನರ ಮಧ್ಯದಿಂದ ದೊಂದಿ ಬೆಳಕಿನಲ್ಲಿ ಆರ್ಭಟ ಕೊಡುತ್ತಾ ಬರುವುದು, ಆಗ ಅರ್ಧ ನಿದ್ದೆಯಲ್ಲಿ ಅಮ್ಮನ ಸೆರಗು ಹಿಡಿದುಕೊಂಡ ಮಕ್ಕಳು ಮುದುಕರಾದ ಮೇಲೂ ಆ ರಾತ್ರಿಯನ್ನು ಹೇಳುತ್ತಾರೆ. ಬೆಳಿಗ್ಗೆ ಮಂಗಳ ಹಾಡಿದ ಮೇಲೆ ಹತ್ತಿರದವರು ನಡೆದುಕೊಂಡು, ದೂರದವರು ಮೊದಲ ಬಸ್ಸಿಗೆ. ಆಟ ಮುಗಿಯುವ ಹೊತ್ತಿಗೂ ಮೊದಲ ಬಸ್ಸಿನ ಹೊತ್ತಿಗೂ ಸರಿಯಾಗಿ ಹೊಂದಿಕೆ ಆಗುತ್ತಿತ್ತು. ಯಾರೂ ಕೂತು ಯೋಜನೆ ಹಾಕಿ ಮಾಡಿದ್ದಲ್ಲ, ರಾತ್ರಿ ಪೂರ್ತಿ ಆಟ ಇದ್ದ ಕಾರಣ ತಾನಾಗಿ ಆದದ್ದು.

ಈಗ ಕಾಲಮಿತಿ. ಧರ್ಮಸ್ಥಳ ಮೇಳದಂಥ ದೊಡ್ಡ ಮೇಳವೇ ಕಾಲಮಿತಿಗೆ ಬಂದು ವರ್ಷಗಳಾದವು. ಪೇಟೆಯಲ್ಲಿ ಆಗುವ ಆಟಗಳಂತೂ ಮೂರು ಗಂಟೆಯದ್ದು, ನಾಲ್ಕು ಗಂಟೆಯದ್ದು. ಕಾಲಮಿತಿ ಬೇಕಾ ಬೇಡವಾ ಅನ್ನುವ ಚರ್ಚೆಗೆ ನಾನು ಹೋಗುವುದಿಲ್ಲ, ಮಾರನೇ ದಿನ ಕೆಲಸಕ್ಕೆ ಹೋಗುವವಳಾಗಿ ನನಗೆ ಅದರಿಂದ ಅನುಕೂಲವೇ ಆಗಿದೆ. ಆದರೆ ಒಂದು ಮಾತು ಹೇಳಲೇಬೇಕು. ಆಟದ ಹೊತ್ತು ಬದಲಾಯಿತು, ಬಸ್ಸಿನ ಹೊತ್ತು ಬದಲಾಗಲಿಲ್ಲ. ಬೆಳಗಿನ ಆರಕ್ಕೆ ಬಿಡುತ್ತಿದ್ದ ಜನರನ್ನು ಈಗ ರಾತ್ರಿ ಹತ್ತಕ್ಕೆ ಬಿಡುತ್ತಿದ್ದೇವೆ, ಅದೂ ಬಸ್ ಇಲ್ಲದ ಹೊತ್ತಿಗೆ. ಮಹಿಷಾಸುರ ಈಗ ಬೇಗ ಬರುತ್ತಾನೆ, ಸರಿ. ಆದರೆ ನಮ್ಮ ಬಸ್ ಅವನಿಗಿಂತ ಮೊದಲೇ ಹೋಗಿರುತ್ತದೆ.

ಹತ್ತೂಕಾಲು ಅಂತ ನಾನು ಸುಮ್ನೆ ಬರೆದದ್ದಲ್ಲ. ಹೊತ್ತು ಕಾನೂನೇ ಕೊಟ್ಟಿದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಮೈಕ್ ಹಾಕುವ ಹಾಗಿಲ್ಲ. ಹಬ್ಬ, ಉತ್ಸವಕ್ಕೆ ಅಂತ ವರ್ಷಕ್ಕೆ 15 ದಿನ ಮೀರದ ಹಾಗೆ ರಾತ್ರಿ ಹನ್ನೆರಡರವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. ಮುಚ್ಚಿದ ಸಭಾಂಗಣಕ್ಕೆ ಈ ತಡೆ ಇಲ್ಲದಿದ್ದರೂ ಊರಿನ ಅಭ್ಯಾಸ ಅದೇ ಹತ್ತಕ್ಕೆ ಬಂದು ನಿಂತಿದೆ. ಅಂದರೆ ಕೃಷ್ಣ ಮಠದ ರಥಬೀದಿಯಲ್ಲಿ ಇರಲಿ, ಅಜ್ಜರಕಾಡಿನಲ್ಲಿ ಇರಲಿ, ಎಂಜಿಎಂನಲ್ಲಿ ಇರಲಿ, ಬಹುತೇಕ ಎಲ್ಲ ಕಾರ್ಯಕ್ರಮಗಳೂ ಮುಗಿಯುವುದು ಒಂದೇ ಹೊತ್ತಿಗೆ. ಬೇರೆ ಊರಿನವರಿಗೆ ಇಂಥ ಅನುಕೂಲ ಸಿಗುವುದಿಲ್ಲ. ಒಂದು ಬಸ್ಸಿಗೆ ಇಡೀ ಪೇಟೆಯ ಪ್ರೇಕ್ಷಕರು ಸಿಗುತ್ತಾರೆ. ರಥಬೀದಿಯಿಂದ ಸಿಟಿ ಬಸ್ ನಿಲ್ದಾಣಕ್ಕೆ ನಡೆದೇ ಬರಬಹುದು. ಹಿರಿಯಡಕದ ಬಸ್ ಹೇಗೂ ಎಂಜಿಎಂ ಎದುರಿನಿಂದಲೇ ಹೋಗಬೇಕು, ನಾಟಕ ಬಿಟ್ಟವರು ಅಲ್ಲೇ ಹತ್ತಬಹುದು.

ರಾತ್ರಿ ಜನ ಬರುವುದಿಲ್ಲ ಅಂತ ಬಸ್ಸಿನವರು ಹೇಳುತ್ತಾರೆ. ಹಗಲಿನ ಕಾರ್ಯಕ್ರಮ ನೋಡಿ ಅಂತ ನಾನು ಹೇಳುತ್ತೇನೆ. ಕೃಷ್ಣ ಜನ್ಮಾಷ್ಟಮಿಯ ಮಾರನೇ ದಿನ, ವಿಟ್ಲಪಿಂಡಿಗೆ, ರಥಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಗುರ್ಜಿ ಅನ್ನುವ ಮರದ ಚೌಕಟ್ಟುಗಳಲ್ಲಿ ತೂಗಿದ ಮೊಸರು ಕುಡಿಕೆಗಳನ್ನು ಗೊಲ್ಲರ ವೇಷದವರು ಒಡೆಯುತ್ತಾ ಹೋಗುವುದು, ಹಿಂದಿನಿಂದ ರಥದಲ್ಲಿ ಮಣ್ಣಿನ ಕೃಷ್ಣ, ಬೀದಿಯ ಮೂಲೆ ಮೂಲೆಯಲ್ಲಿ ತಾಸೆ ವಾದ್ಯದ ಪೆಟ್ಟಿಗೆ ಕುಣಿಯುವ ಹುಲಿವೇಷಗಳು. ಎರಡು ದಿನ ಮೈಗೆ ಬಣ್ಣ ಹಚ್ಚಿಕೊಂಡು, ಸರಿಯಾಗಿ ಕೂರಲೂ ಆಗದೆ, ನಿಂತಲ್ಲೇ ನಿದ್ದೆ ಮಾಡಿ ಕುಣಿಯುವ ಹುಡುಗರು ಅವರು. ಅಕ್ಕಿ ಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಂದಕ್ಕೆ ಎಸೆಯುವ ಹುಲಿ ಬಂದರೆ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಮಲ್ಪೆಯಿಂದ, ಕೆಮ್ಮಣ್ಣಿನಿಂದ, ಅಲೆವೂರಿನಿಂದ ಮನೆಮಂದಿಯೆಲ್ಲ ಬಂದಿರುತ್ತಾರೆ. ಯಾಕೆ ಬರುತ್ತಾರೆ? ದೇವರ ಮೇಲಿನ ಭಕ್ತಿ, ಹುಲಿಯ ಮೇಲಿನ ಪ್ರೀತಿ ಹೌದು. ಜೊತೆಗೆ ಇನ್ನೊಂದು ಕಾರಣ ಇದೆ. ಅದು ಮಧ್ಯಾಹ್ನ ಸುರುವಾಗಿ ಸಂಜೆಗೆ ಮುಗಿಯುತ್ತದೆ, ಮನೆಗೆ ಹೋಗಲು ಬಸ್ ಇರುತ್ತದೆ.

ಇನ್ನು ಪರ್ಯಾಯ, ಕೃಷ್ಣ ಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವ ಉತ್ಸವ. ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿಗೆ ಜೋಡುಕಟ್ಟೆಯಿಂದ ಮೆರವಣಿಗೆ ಹೊರಡುತ್ತದೆ. ಆ ರಾತ್ರಿ ಉಡುಪಿ ಮಲಗುವುದೇ ಇಲ್ಲ. ಊರಿಗೆ ಊರೇ ಬೀದಿಯಲ್ಲಿ. ಅಷ್ಟು ಜನ ಬರಲು ಹೋಗಲು ನೀವೆಲ್ಲ ಸೇರಿ ವ್ಯವಸ್ಥೆ ಮಾಡುತ್ತೀರಿ, ಪಾರ್ಕಿಂಗ್ ಎಲ್ಲಿ, ವಾಹನ ಯಾವ ದಾರಿಯಲ್ಲಿ ಅಂತ ತಿಂಗಳ ಮೊದಲೇ ಸಭೆ ಕೂತು ತೀರ್ಮಾನ ಮಾಡುತ್ತೀರಿ. ಅಷ್ಟು ದೊಡ್ಡ ರಾತ್ರಿಯನ್ನು ಸುಧಾರಿಸುವ ಊರಿಗೆ ವಾರಕ್ಕೆ ಎರಡು ದಿನ ನಾಲ್ಕು ಬಸ್ ಕಷ್ಟದ ವಿಷಯ ಅಲ್ಲ.

ಮಾನ್ಯ ಜಿಲ್ಲಾಧಿಕಾರಿಗಳೇ, ಮಣಿಪಾಲದಲ್ಲಿರುವ ನಿಮ್ಮ ಕಚೇರಿ ರಜತಾದ್ರಿಗೆ ದಿನಾ ನೂರು ಅರ್ಜಿ ಬರುತ್ತದೆ ಅಂತ ಗೊತ್ತು. ಆದರೆ ಇದು ನಿಮ್ಮ ಕೈಯಲ್ಲೇ ಇರುವ ಕೆಲಸ. ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ನೀವೇ ಅಧ್ಯಕ್ಷರು. 1988ರ ಮೋಟಾರು ವಾಹನ ಕಾಯ್ದೆಯ 87ನೇ ಕಲಮಿನಲ್ಲಿ ತಾತ್ಕಾಲಿಕ ಪರ್ಮಿಟ್ ಕೊಡುವ ಅವಕಾಶ ಇದೆ. ಜಾತ್ರೆ, ಧಾರ್ಮಿಕ ಸಮಾರಂಭದಂಥ ವಿಶೇಷ ಸಂದರ್ಭಕ್ಕೆ ಜನರನ್ನು ಕರೆದುಕೊಂಡು ಹೋಗಿ ಬರಲು ನಾಲ್ಕು ತಿಂಗಳು ಮೀರದ ಹಾಗೆ ಪರ್ಮಿಟ್ ಕೊಡಬಹುದು ಅಂತ ಅದರಲ್ಲೇ ಬರೆದಿದೆ. ನಾನು ಮೇಲೆ ನಾಲ್ಕು ತಿಂಗಳು ಅಂತ ಕೇಳಿದ್ದು ಅದಕ್ಕೇ. ಹೊಸ ರೂಟ್ ಮಾಡಿ, ಖಾಯಂ ಪರ್ಮಿಟ್ ಕೊಡಿ ಅಂತ ನಾನು ಕೇಳುತ್ತಿಲ್ಲ, ಅದಕ್ಕೆ ವರ್ಷಗಟ್ಟಲೆ ಆಗುತ್ತದೆ, ಯಾರಾದರೂ ಕೋರ್ಟಿಗೆ ಹೋದರೆ ಅಲ್ಲಿಗೆ ಮುಗಿಯಿತು. ಇರುವ ಕಲಮಿನಲ್ಲಿ ಇರುವ ಅಧಿಕಾರ ಬಳಸಿ ಒಂದು ಸೀಸನ್ ನೋಡಿ. ನವೆಂಬರಿನಲ್ಲಿ ಮಳೆ ಹೋಗಿರುತ್ತದೆ. ಮೇಳಗಳು ತಿರುಗಾಟಕ್ಕೆ ಹೊರಟಿರುತ್ತವೆ, ನಾಟಕ ಸ್ಪರ್ಧೆ, ಶಾಲೆಗಳ ವಾರ್ಷಿಕೋತ್ಸವ, ಕಿಶೋರ ಯಕ್ಷಗಾನ, ಕ್ರಿಸ್ಮಸ್, ಮಕರ ಸಂಕ್ರಾಂತಿಯ ಮೂರು ತೇರು, ಊರಿನ ಎಲ್ಲ ಸಡಗರವೂ ಆ ನಾಲ್ಕು ತಿಂಗಳಲ್ಲೇ ಬರುತ್ತದೆ.

ನಾಲ್ಕರಲ್ಲಿ ಒಂದೆರಡಾದರೂ ಸರ್ಕಾರಿ ಬಸ್ ಇರಲಿ ಅನ್ನುವುದು ನನ್ನ ಇನ್ನೊಂದು ಕೋರಿಕೆ. 2023ರ ಜೂನಿನಿಂದ ಶಕ್ತಿ ಯೋಜನೆ ಇದೆ, ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಆದರೆ ನಮ್ಮ ಕರಾವಳಿಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್. ಖಾಸಗಿ ಬಸ್ಸಿನವರು ನಮ್ಮೂರನ್ನು ಹಳ್ಳಿಹಳ್ಳಿಗೆ ಜೋಡಿಸಿದವರು, ಅವರ ಋಣ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೂ ಮೈಸೂರು, ಹಾಸನದ ಹೆಂಗಸರಿಗೆ ಸಿಕ್ಕಿದಷ್ಟು ಅನುಕೂಲ ನಮಗೆ ಸಿಗಲಿಲ್ಲ ಅಲ್ವಾ. ಉಡುಪಿಯಲ್ಲಿ ಇರುವ ನರ್ಮ್ ಅನ್ನುವ ಸರ್ಕಾರಿ ಸಿಟಿ ಬಸ್ಸುಗಳಲ್ಲಿ ಒಂದೆರಡನ್ನು ವಾರಾಂತ್ಯದ ರಾತ್ರಿಗೆ ಇಟ್ಟುಕೊಂಡರೆ, ಗಂಡನ ಹತ್ತಿರವೋ ಮಗನ ಹತ್ತಿರವೋ ದುಡ್ಡು ಕೇಳದೆ ಒಬ್ಬ ಹೆಂಗಸು ನಾಟಕಕ್ಕೆ ಹೋಗಿ ಬರಬಹುದು.

ನಮ್ಮ ಅಂಗಡಿಗೆ ಬರುವ ಶಂಕರಪುರದ ಒಬ್ಬರು ಅಕ್ಕ ಇದ್ದಾರೆ. ಬೆಳಕು ಹರಿಯುವ ಮೊದಲು ಮಲ್ಲಿಗೆ ಮೊಗ್ಗು ಕೊಯ್ಯಬೇಕು, ಕೂತು ಕಟ್ಟಬೇಕು, ಹೂವಿನವರು ಬರುವ ಹೊತ್ತಿಗೆ ಚೆಂಡು, ಅಟ್ಟೆ ಲೆಕ್ಕ ಆಗಿರಬೇಕು. ಅವರಿಗೆ ತಾಳಮದ್ದಳೆ ಅಂದರೆ ಪ್ರಾಣ. ಯಾರು ಕರ್ಣ ಮಾಡಿದರು, ಶಲ್ಯ ಬಿಟ್ಟು ಹೋಗುವಾಗ ಏನು ಹೇಳಿದ, ಕರ್ಣ ಅದಕ್ಕೆ ಏನು ಉತ್ತರ ಕೊಟ್ಟ ಅಂತ ಸೀರೆ ಆರಿಸುತ್ತಾ ನನಗೆ ಪೂರ್ತಿ ಹೇಳುತ್ತಾರೆ. ಆದರೆ ಅವರು ಹೇಳುವುದೆಲ್ಲ ಯೂಟ್ಯೂಬಿನಲ್ಲಿ ನೋಡಿದ್ದು. ರಾಜಾಂಗಣ ಅವರ ಮನೆಯಿಂದ ಎಷ್ಟು ದೂರ! ಕಟಪಾಡಿವರೆಗೆ ಒಂದು ಬಸ್ ಇದ್ದರೆ ಸಾಕು, ಅಲ್ಲಿಗೆ ಮಗ ಸ್ಕೂಟರಿನಲ್ಲಿ ಬರುತ್ತಾನೆ ಅನ್ನುತ್ತಾರೆ. ಅರ್ಥಗಾರಿಕೆಯನ್ನು ಇಷ್ಟು ಚೆನ್ನಾಗಿ ಕೇಳಬಲ್ಲವರು ಎದುರಿಗೆ ಕೂತರೆ ಅರ್ಥಧಾರಿಗೂ ಹುರುಪು ಬರುತ್ತದೆ. ಮುಂದಿನ ಸಾಲಿನಲ್ಲಿ ಬ್ಯಾಡ್ಜು ಹಾಕಿಕೊಂಡು ಮೊಬೈಲು ನೋಡುವ ಅತಿಥಿಗಳಿಂದ ಅದು ಬರುವುದಿಲ್ಲ.

ಬಸ್ ಮಾಲಕರಿಗೆ ಈಗ ಹೇಳುತ್ತೇನೆ. ನಿಮ್ಮ ಲೆಕ್ಕ ನನಗೆ ಅರ್ಥ ಆಗುತ್ತದೆ. ಡೀಸೆಲ್, ಟ್ಯಾಕ್ಸ್, ಇನ್ಶೂರೆನ್ಸ್ ಎಲ್ಲ ಕಳೆದು ಉಳಿಯುವುದು ಎಷ್ಟು ಅಂತ ಹೇಳಲು ಬಸ್ಸಿನಲ್ಲಿ ಕೆಲಸ ಮಾಡುವ ನೆಂಟರು ನಮ್ಮ ಮನೆಯಲ್ಲೂ ಇದ್ದಾರೆ. ರಾತ್ರಿ ಹೋದ ಬಸ್ ಖಾಲಿ ವಾಪಸು ಬರಬೇಕು ಅನ್ನುವುದು ನಿಮ್ಮ ಚಿಂತೆ. ಅದಕ್ಕೆ ನನಗೆ ತೋಚಿದ್ದು ಇಷ್ಟು. ಯಾವ ಬಸ್ಸಿನ ರಾತ್ರಿಯ ತಂಗುವಿಕೆ ಹೇಗೂ ಮಲ್ಪೆಯಲ್ಲಿ, ಹಿರಿಯಡಕದಲ್ಲಿ, ಕಾಪುವಿನಲ್ಲಿ ಇದೆಯೋ ಅದನ್ನೇ ಕೊನೆಯ ಟ್ರಿಪ್ಪಿಗೆ ಇಡಿ, ಖಾಲಿ ವಾಪಸು ಬರುವ ಮಾತೇ ಇರುವುದಿಲ್ಲ. ಒಬ್ಬರ ಮೇಲೆಯೇ ಭಾರ ಬೀಳದ ಹಾಗೆ ಪಾಳಿ ಮಾಡಿಕೊಳ್ಳಿ. ಟಿಕೆಟ್ ಒಂದೂವರೆ ಪಟ್ಟು ಮಾಡಲು ಅನುಮತಿ ಸಿಕ್ಕಿದರೆ ಮಾಡಿ, ರಿಕ್ಷಾ ಬಾಡಿಗೆಯ ಎದುರು ಅದು ಏನೂ ಅಲ್ಲ, ನಾವು ಸಂತೋಷದಿಂದ ಕೊಡುತ್ತೇವೆ. ಡ್ರೈವರ್, ಕಂಡಕ್ಟರಿಗೆ ಆ ಟ್ರಿಪ್ಪಿನ ಭತ್ಯೆ ಬೇರೆ ಕೊಡಿ. ಬೆಳಿಗ್ಗೆ ಆರಕ್ಕೆ ಸ್ಟೇರಿಂಗ್ ಹಿಡಿದವರನ್ನೇ ರಾತ್ರಿ ಹನ್ನೊಂದರವರೆಗೆ ಎಳೆಯಬೇಡಿ. ನಮ್ಮ ನಾಟಕದ ಆಸೆಗೆ ಅವರ ನಿದ್ದೆ ಹೋಗುವುದು ನನಗೆ ಬೇಡ.

ಸಣ್ಣ ಲೆಕ್ಕಕ್ಕೆ ಹೆದರಿದ ಊರಲ್ಲ ನಮ್ಮದು. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಇಲ್ಲಿ ಬ್ಯಾಂಕ್ ಸುರು ಮಾಡಿದಾಗ ಮೊದಲ ದಿನ ಸೇರಿದ ಹಣ 38 ರೂಪಾಯಿ 13 ಆಣೆ 2 ಪೈ. ಅದೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಸಾಹೇಬರ ಮನೆಯಲ್ಲಿ ಆಮೇಲೆ ನಾಣ್ಯಗಳ ಸಂಗ್ರಹಾಲಯ ಮಾಡಿದರು, ಪೇಟೆಯಲ್ಲೇ ಇದೆ, ಎಷ್ಟೋ ಜನ ನೋಡಿಲ್ಲ, ಒಮ್ಮೆ ಹೋಗಿ ನೋಡಿ. 1925ರಲ್ಲಿ ಇಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ತಂದಿತು. ಮನೆ ಮನೆಗೆ ಹೋಗಿ ದಿನಕ್ಕೆ ಎರಡಾಣೆ ತಗೊಂಡು ಬರುವುದು. ಎರಡಾಣೆಗೋಸ್ಕರ ಅಷ್ಟು ದೂರ ನಡೆಯುವುದಾ ಅಂತ ಆಗ ಕೇಳಿದವರು ಇದ್ದಿರಬಹುದು. 2020ರಲ್ಲಿ ಎರಡೂ ಬ್ಯಾಂಕ್ ಬೇರೆ ಬ್ಯಾಂಕಿಗೆ ಸೇರಿದವು, ಆ ಬೇಸರ ಬೇರೆ. ಹತ್ತೂಕಾಲರ ಬಸ್ಸಿಗೆ ಮೊದಲ ವಾರ ಎಂಟೇ ಜನ ಹತ್ತಿದರೂ ನಿಲ್ಲಿಸಬೇಡಿ ಅಂತ ಹೇಳಲು ಇದನ್ನೆಲ್ಲ ನೆನಪು ಮಾಡಿದೆ. ಬಸ್ ಇದೆ ಅಂತ ನಂಬಿಕೆ ಬರಲು ಜನರಿಗೆ ಸ್ವಲ್ಪ ದಿನ ಬೇಕು. ಒಂದು ಸಲ ತಪ್ಪಿದರೆ ಆ ನಂಬಿಕೆ ಹೋಗುತ್ತದೆ, ಮತ್ತೆ ಯಾರೂ ಕಾಯುವುದಿಲ್ಲ.

ಸಂಘಟಕರೇ, ನಿಮ್ಮ ಹತ್ತಿರವೂ ಕೇಳುವುದಿದೆ. ನೀವು ಪಡುವ ಕಷ್ಟ ನೋಡಿದ್ದೇನೆ. ಕೈಯಿಂದ ದುಡ್ಡು ಹಾಕಿ, ಅಂಗಡಿ ಅಂಗಡಿಗೆ ರಶೀದಿ ಪುಸ್ತಕ ಹಿಡಿದು ಬಂದು, ಕುರ್ಚಿ ನೀವೇ ಜೋಡಿಸಿ, ಕೊನೆಗೆ ಕಸವನ್ನೂ ನೀವೇ ಹೆಕ್ಕುತ್ತೀರಿ. ಆದರೆ ಆರೂವರೆಗೆ ಅಂತ ಹಾಕಿದ ನಾಟಕ ಎಂಟು ಗಂಟೆಗೆ ಸುರುವಾದರೆ ಯಾವ ಬಸ್ಸೂ ನಮ್ಮನ್ನು ಕಾಯುವುದಿಲ್ಲ. ಸಭಾ ಕಾರ್ಯಕ್ರಮ ಅರ್ಧ ಗಂಟೆ ಅಂತ ಆಮಂತ್ರಣದಲ್ಲಿ ಇರುತ್ತದೆ. ಪ್ರಾರ್ಥನೆ, ಸ್ವಾಗತ, ಪ್ರಸ್ತಾವನೆ, ದೀಪ, ಆರು ಜನ ಅತಿಥಿಗಳ ಆರು ಭಾಷಣ, ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಸನ್ಮಾನ ಪತ್ರ ಪೂರ್ತಿ ಓದುವುದು, ಆಮೇಲೆ ಧನ್ಯವಾದದಲ್ಲಿ ಮತ್ತೆ ಎಲ್ಲರ ಹೆಸರು. ಪರದೆಯ ಹಿಂದೆ ಬಣ್ಣ ಹಚ್ಚಿಕೊಂಡು ಕೂತ ಮಕ್ಕಳು ಬೆವರುತ್ತಿರುತ್ತಾರೆ, ಮೀಸೆ ಅಂಟು ಬಿಡುತ್ತಿರುತ್ತದೆ. ಹಿರಿಯ ಕಲಾವಿದರಿಗೆ ಸನ್ಮಾನ ಆಗಲೇಬೇಕು, ಅದನ್ನು ಕಡಿಮೆ ಮಾಡಿ ಅಂತ ನಾನು ಹೇಳುವುದಿಲ್ಲ. ಅವರು ಎರಡು ಮಾತಾಡಿದರೆ ಎಲ್ಲರೂ ಕಿವಿ ಕೊಟ್ಟು ಕೇಳುತ್ತಾರೆ. ಉಳಿದ ಭಾಷಣ ಕಡಿಮೆ ಮಾಡಿ. ಆಟ ಹೇಳಿದ ಹೊತ್ತಿಗೆ ಎತ್ತಿ, ಹತ್ತಕ್ಕೆ ಮುಗಿಸಿ. ಆಮಂತ್ರಣದಲ್ಲಿ ಸುರುವಾಗುವ ಗಂಟೆಯ ಜೊತೆಗೆ ಮುಗಿಯುವ ಗಂಟೆಯನ್ನೂ ಹಾಕಿ. ಆಗ ಮನೆಯವರಿಗೆ ಹೇಳಿ ಬರಲು ನಮಗೂ ಆಗುತ್ತದೆ.

ಇನ್ನೂ ಒಂದು. ಒಂದು ಕಾರ್ಯಕ್ರಮಕ್ಕೆ ಎಷ್ಟು ಫ್ಲೆಕ್ಸ್ ಹಾಕುತ್ತೀರಿ? ಅದರಲ್ಲಿ ಎರಡು ಕಡಿಮೆ ಮಾಡಿ ಆ ದುಡ್ಡನ್ನು ಆ ದಿನದ ಬಸ್ಸಿನ ಡೀಸೆಲಿಗೆ ಅಂತ ಇಡಿ. ಬಸ್ಸಿನ ಹಿಂದಿನ ಗಾಜಿನಲ್ಲಿ ನಿಮ್ಮ ಸಂಘದ ಹೆಸರು ಹಾಕಿಸಿಕೊಳ್ಳಿ. ಆ ಬಸ್ಸಿನಲ್ಲಿ ಮನೆ ಸೇರಿದವರು ನಿಮ್ಮ ಸಂಘದ ಹೆಸರು ಮರೆಯುವುದಿಲ್ಲ.

ನಗರಸಭೆಯವರಿಗೆ ನನ್ನ ಕೋರಿಕೆ ಮೂರು, ಮೂರೂ ಸಣ್ಣದು. ಸಿಟಿ ಬಸ್ ನಿಲ್ದಾಣದಲ್ಲಿ ಮತ್ತು ಸರ್ವಿಸ್ ಬಸ್ ನಿಲ್ದಾಣದಲ್ಲಿ ಒಂದೊಂದು ದೊಡ್ಡ ಫಲಕ ಹಾಕಿ, ಅದರಲ್ಲಿ ಆ ವಾರ ಊರಲ್ಲಿ ಏನೇನು ಇದೆ, ಎಲ್ಲಿ, ಎಷ್ಟು ಗಂಟೆಗೆ ಅಂತ ಬರೆಸಿ. ಇಂದು ಯಾವ ಮೇಳದ ಆಟ ಎಲ್ಲಿ ಅಂತ ಪೇಪರಿನಲ್ಲಿ ಬರುತ್ತದೆ, ಆದರೆ ಪೇಪರ್ ತರಿಸುವ ಮನೆ ಕಡಿಮೆಯಾಗಿದೆ. ವಾಟ್ಸಾಪಿನಲ್ಲಿ ಆಯಾ ಗುಂಪಿನವರಿಗೆ ಮಾತ್ರ ಗೊತ್ತಾಗುತ್ತದೆ. ಎಷ್ಟೋ ಸಲ ಒಳ್ಳೆಯ ಕಾರ್ಯಕ್ರಮ ಮುಗಿದ ಮಾರನೇ ದಿನ ಫೋಟೋ ನೋಡಿ, ಅಯ್ಯೋ ಇದು ಇತ್ತಾ ಅಂತ ಕೈ ಹಿಸುಕಿಕೊಂಡಿದ್ದೇವೆ. ಫಲಕ ಇದ್ದರೆ ಹೊರಗಿನಿಂದ ಬಂದವರಿಗೂ ಉಪಯೋಗ. ಕೃಷ್ಣ ಮಠಕ್ಕೆ ಬಂದವರು ಕನಕನ ಕಿಂಡಿ ನೋಡಿ, ಊಟ ಮಾಡಿ, ಮಲ್ಪೆ ಬೀಚಿಗೆ ಹೋಗಿ, ಸಂಜೆ ಲಾಡ್ಜಿನಲ್ಲಿ ಟಿವಿ ಹಾಕಿ ಕೂರುತ್ತಾರೆ. ಅಂಗಡಿಗೆ ಬಂದವರು ನನ್ನ ಹತ್ತಿರವೇ ಕೇಳುತ್ತಾರೆ, ಇಲ್ಲಿ ಸಂಜೆ ನೋಡಲು ಏನಿದೆ ಅಂತ. ಎರಡು ಬೀದಿ ಆಚೆ ಒಳ್ಳೆಯ ಬಡಗುತಿಟ್ಟಿನ ಆಟ ಇದ್ದರೂ ಹೇಳಲು ನನಗೇ ಗೊತ್ತಿರುವುದಿಲ್ಲ.

ಎರಡನೆಯದು ದಾರಿದೀಪ. ಎಂಜಿಎಂನಿಂದ ಬಸ್ ಸ್ಟಾಪಿಗೆ, ಅಜ್ಜರಕಾಡಿನಿಂದ ಪೇಟೆಗೆ, ರಥಬೀದಿಯಿಂದ ಸಿಟಿ ಬಸ್ ನಿಲ್ದಾಣಕ್ಕೆ ನಡೆಯುವ ದಾರಿಯಲ್ಲಿ ಯಾವ ಲೈಟ್ ಉರಿಯುತ್ತದೆ, ಯಾವುದು ಉರಿಯುವುದಿಲ್ಲ ಅಂತ ನವೆಂಬರಿನ ಮೊದಲು ಒಮ್ಮೆ ರಾತ್ರಿ ನಡೆದು ನೋಡಿ. ಹಗಲು ನೋಡಿದರೆ ಗೊತ್ತಾಗುವುದಿಲ್ಲ. ಮೂರನೆಯದು, ಬಸ್ ಇರುವ ರಾತ್ರಿಗಳಲ್ಲಿ ನಿಲ್ದಾಣದ ಶೌಚಾಲಯ ಹತ್ತೂವರೆವರೆಗೆ ತೆರೆದಿರಲಿ. ಇದನ್ನು ಬರೆಯಲು ನಾಚಿಕೆ ಯಾಕೆ? ಮೂರು ಗಂಟೆ ಕಾರ್ಯಕ್ರಮ ನೋಡಿ ಬರುವ ಹೆಂಗಸರು ನೀರು ಕುಡಿಯದೆ ಕೂತಿರುತ್ತಾರೆ, ಇದೇ ಕಾರಣಕ್ಕೆ. ಪೊಲೀಸ್ ಇಲಾಖೆಯವರು ಆ ಹೊತ್ತಿಗೆ ನಿಲ್ದಾಣದ ಕಡೆ ಒಂದು ಸುತ್ತು ಬಂದರೆ ಇನ್ನೂ ಧೈರ್ಯ.

ನನ್ನ ಹಾಗೆ ಅರ್ಧಕ್ಕೆ ಎದ್ದು ಓಡುವವರೂ ಸ್ವಲ್ಪ ಕೆಲಸ ಮಾಡಬೇಕು. ನೀವು ಯಾವ ಕಡೆಗೆ ಹೋಗುವವರು, ವಾರಕ್ಕೆ ಎಷ್ಟು ಸಲ ಬರುತ್ತೀರಿ, ಹತ್ತೂಕಾಲಕ್ಕೆ ಬಸ್ ಇದ್ದರೆ ಹತ್ತುತ್ತೀರಾ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕಾರ್ಯಕ್ರಮದ ಸಂಘಟಕರ ಕೈಗೆ ಕೊಡಿ. ಸಂಘಟಕರು ಅದನ್ನು ಒಟ್ಟು ಮಾಡಿ ರೂಟಿನ ಪ್ರಕಾರ ವಿಂಗಡಿಸಿ ಜಿಲ್ಲಾಧಿಕಾರಿ ಕಚೇರಿಗೆ ತಲುಪಿಸಲಿ. ಜನ ಇದ್ದಾರೆ ಅಂತ ಬಾಯಲ್ಲಿ ಹೇಳಿದರೆ ಬಸ್ಸಿನವರು ನಂಬಬೇಕಾಗಿಲ್ಲ, ಹೆಸರು, ಊರು ಇರುವ ಪಟ್ಟಿ ಎದುರಿಗೆ ಇಟ್ಟರೆ ಮಾತು ಬೇರೆ. ವಿಂಗಡಿಸುವ ಕೆಲಸಕ್ಕೆ ಜನ ಬೇಕಾದರೆ ನಾನು ಬರುತ್ತೇನೆ. ಅಂಗಡಿಗೆ ವಾರದ ರಜೆ ಇರುವ ದಿನ ಪೂರ್ತಿ ಕೂರಲು ತಯಾರು.

ಮಾನ್ಯ ಜಿಲ್ಲಾಧಿಕಾರಿಗಳೇ, ಬಸ್ ಮಾಲಕರನ್ನು, ಸಾರಿಗೆ ಅಧಿಕಾರಿಗಳನ್ನು, ಸಂಘಟಕರಲ್ಲಿ ನಾಲ್ಕು ಜನರನ್ನು, ಜೊತೆಗೆ ಪ್ರೇಕ್ಷಕರಲ್ಲಿ ಇಬ್ಬರು ಹೆಂಗಸರನ್ನು ಕೂರಿಸಿ ಅಕ್ಟೋಬರ್ ತಿಂಗಳ ಒಳಗೆ ಒಂದು ಸಭೆ ಕರೆಯಿರಿ. ಸಭೆಯನ್ನು ಸಂಜೆ ಐದರ ಮೇಲೆ ಇಡಬೇಡಿ, ರಜತಾದ್ರಿಯಿಂದಲೂ ನಾವು ಬಸ್ಸಿನಲ್ಲೇ ವಾಪಸು ಹೋಗಬೇಕು.

ಇತಿ,
ಹಿರಿಯಡಕ ರೂಟಿನ ಒಬ್ಬ ಪ್ರೇಕ್ಷಕಿ
ಉಡುಪಿ